ಕೇಕ್ ಮೇಲಿನ ಬಣ್ಣ, ಮಿನುಗು ಪುಡಿ: ಯಾವುದನ್ನು ತಿನ್ನಬಹುದು, ಯಾವುದನ್ನು ತಿನ್ನಬಾರದು?

ಮಕ್ಕಳ ಹುಟ್ಟುಹಬ್ಬಕ್ಕೆ ಮನೆಯಲ್ಲೇ ಕೇಕ್ ಮಾಡುವವರು ಈಗ ಬಹಳ ಮಂದಿ. ಲಗ್ಗೆರೆ, ಪೀಣ್ಯದ ಕಡೆಯ ಬಡಾವಣೆಗಳಲ್ಲೂ ಯೂಟ್ಯೂಬ್ ನೋಡಿ ಕಲಿತು ಅಕ್ಕಪಕ್ಕದವರಿಗೆ ಮಾಡಿಕೊಡುವವರಿದ್ದಾರೆ. ಇವರ ಮೊಬೈಲ್‌ಗೆ ಎರಡು ಬಗೆಯ ಸಂದೇಶಗಳು ಬರುತ್ತಿರುತ್ತವೆ. ಒಂದು, "ಕೇಕ್ ತಿಂದರೆ ಕ್ಯಾನ್ಸರ್ ಗ್ಯಾರಂಟಿ". ಇನ್ನೊಂದು, "ನಾನ್-ಟಾಕ್ಸಿಕ್ ಎಂದು ಬರೆದಿದ್ದರೆ ಧೈರ್ಯವಾಗಿ ಹಾಕಿ". ಎರಡರಲ್ಲಿ ಯಾವುದು ಎಷ್ಟು ನಿಜ ಎಂದು ನೋಡೋಣ.

ಸಂದೇಶ 1: "ಬೆಂಗಳೂರಿನ ಕೇಕ್‌ಗಳಲ್ಲಿ ಕ್ಯಾನ್ಸರ್"

ಈ ಮಾತಿಗೆ ಒಂದು ಮೂಲ ಇದೆ. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಬೆಂಗಳೂರಿನ ಬೇಕರಿಗಳಿಂದ 235 ಕೇಕ್ ಮಾದರಿಗಳನ್ನು ಪರೀಕ್ಷಿಸಿತು. 223 ಸುರಕ್ಷಿತವಾಗಿದ್ದವು. 12ರಲ್ಲಿ ಕೃತಕ ಬಣ್ಣ ಅಪಾಯಕಾರಿ ಪ್ರಮಾಣದಲ್ಲಿತ್ತು. ಅಂದರೆ 100ಕ್ಕೆ ಸುಮಾರು 5. ಇಲಾಖೆ ಹೆಸರಿಸಿದ ಬಣ್ಣಗಳು ಅಲ್ಲೂರಾ ರೆಡ್, ಸನ್‌ಸೆಟ್ ಯೆಲ್ಲೋ, ಪಾನ್ಸೋ 4ಆರ್, ಟಾರ್ಟ್ರಜೀನ್ ಮತ್ತು ಕಾರ್ಮೋಸಿನ್.

ಫಾರ್ವರ್ಡ್‌ಗಳು ಇಲ್ಲೇ ದಾರಿ ತಪ್ಪುತ್ತವೆ. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋದಂಥ ಬಣ್ಣಗಳನ್ನು ಆಹಾರದಲ್ಲಿ ಬಳಸಲು ನಮ್ಮ ದೇಶದ ಕಾನೂನಿನಲ್ಲೇ ಅನುಮತಿ ಇದೆ. ಆದರೆ ಮಿತಿ ಇದೆ: ಸಾಮಾನ್ಯವಾಗಿ ಒಂದು ಕಿಲೋ ತಿಂಡಿಗೆ 100 ಮಿಲಿಗ್ರಾಂ, ಅಂದರೆ ಒಂದು ಗ್ರಾಂನ ಹತ್ತನೇ ಒಂದು ಭಾಗ. ಮಿತಿಯೊಳಗೆ ಬಳಸಿದರೆ ಇವುಗಳಿಂದ ಕ್ಯಾನ್ಸರ್ ಬರುತ್ತದೆ ಎಂದು ಸಾಬೀತಾಗಿಲ್ಲ. ಹಾಗೆಂದು ಬೇಕಾದಷ್ಟು ಸುರಿಯುವಂತೆಯೂ ಇಲ್ಲ. ಈ ಐದೂ ಬಣ್ಣಗಳಿದ್ದರೆ, ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಪರಿಣಾಮ ಆಗಬಹುದು ಎಂದು ಪೊಟ್ಟಣದ ಮೇಲೆ ಬರೆಯಲೇಬೇಕೆಂಬ ನಿಯಮ ಐರೋಪ್ಯ ಒಕ್ಕೂಟದಲ್ಲಿ 2010ರಿಂದ ಇದೆ.

ರೋಡಮೈನ್-ಬಿ ಕಥೆ ಬೇರೆ. ಅದು ಬಟ್ಟೆ, ಕಾಗದಕ್ಕೆ ಹಾಕುವ ಕಾರ್ಖಾನೆಯ ಬಣ್ಣ. ಆಹಾರದಲ್ಲಿ ಅದಕ್ಕೆ ಮಿತಿ ಎಂಬುದೇ ಇಲ್ಲ, ಒಂದು ಚಿಟಿಕೆಯೂ ಕೂಡದು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ಇಂಥ ಬಣ್ಣ ಸಿಕ್ಕಿದ ಮೇಲೆಯೇ. ಹಾಗಾಗಿ ಚೀಟಿ ಇಲ್ಲದ, ಬಿಡಿಯಾಗಿ ಕಟ್ಟಿಕೊಡುವ ಬಣ್ಣದ ಪುಡಿ ಎಷ್ಟೇ ಅಗ್ಗವಾಗಿದ್ದರೂ ಬೇಡ.

ಸಂದೇಶ 2: "ನಾನ್-ಟಾಕ್ಸಿಕ್ ಅಂದರೆ ತಿನ್ನಬಹುದು"

ಇದು ತಪ್ಪು, ಮತ್ತು ಎರಡರಲ್ಲಿ ಹೆಚ್ಚು ಅಪಾಯದ ತಪ್ಪು. ಅಂಟು, ಕ್ರೇಯಾನ್ ಮೇಲೂ "ನಾನ್-ಟಾಕ್ಸಿಕ್" ಎಂದು ಬರೆದಿರುತ್ತದೆ. ಅವನ್ನು ಯಾರೂ ತಿನ್ನುವುದಿಲ್ಲ. ಮಿನುಗುವ ಡಬ್ಬಿಯ ಮೇಲೆ "ಎಡಿಬಲ್" ಎಂಬ ಪದ, ಒಳಗೆ ಏನೇನಿದೆ ಎಂಬ ಪಟ್ಟಿ ಮತ್ತು ಎಫ್‌ಎಸ್‌ಎಸ್‌ಎಐ 14 ಅಂಕಿಯ ಸಂಖ್ಯೆ, ಮೂರೂ ಇರಬೇಕು. "ಅಲಂಕಾರಕ್ಕೆ ಮಾತ್ರ" ಎಂದಿದ್ದರೆ ಅದು ತಿನ್ನುವ ಭಾಗಕ್ಕೆ ತಾಗಲೇಬಾರದು.

ಇದು ಸುಮ್ಮನೆ ಹೆದರಿಸುವ ಮಾತಲ್ಲ. 2018ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಹುಟ್ಟುಹಬ್ಬದ ಕೇಕ್ ತಿಂದ ಆರು ಮಕ್ಕಳಿಗೆ ವಾಂತಿ, ಭೇದಿ ಶುರುವಾಯಿತು. ಕೇಕ್‌ಗೆ ಹಚ್ಚಿದ್ದ ಗುಲಾಬಿ-ಚಿನ್ನದ ಬಣ್ಣದ ಪುಡಿಯಲ್ಲಿ ಇದ್ದದ್ದು ತಾಮ್ರ. 2019ರಲ್ಲಿ ಮಿಸೌರಿಯಲ್ಲಿ ಒಂದು ವರ್ಷದ ಮಗುವಿನ ರಕ್ತದಲ್ಲಿ ಸೀಸ ಕಂಡುಬಂತು. ಕೇಕ್ ಮೇಲಿನ ಹೂವಿಗೆ ಬಳಿದಿದ್ದ ಪುಡಿಯ ಕಾಲು ಭಾಗ ಸೀಸವೇ ಆಗಿತ್ತು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ, ಅದಕ್ಕೆ ಸುರಕ್ಷಿತ ಪ್ರಮಾಣ ಎಂಬುದಿಲ್ಲ.

ಹೂವಿನ ವಿಷಯದಲ್ಲೂ ಎಚ್ಚರ ಬೇಕು. ಕಣಗಿಲೆ ಹೂ ನೋಡಲು ಚೆಂದ, ಆದರೆ ಗಿಡವಿಡೀ ವಿಷ. ಮಾರುಕಟ್ಟೆಯ ಗುಲಾಬಿಗೆ ಕೀಟನಾಶಕ ಹೊಡೆದಿರಬಹುದು, ಅದನ್ನು ಕ್ರೀಮಿನೊಳಗೆ ಚುಚ್ಚಬೇಡಿ. ಕೇಕ್ ಕತ್ತರಿಸುವಾಗ ಸಿಂಪಡಿಸುವ ಸ್ನೋ ಸ್ಪ್ರೇಯಲ್ಲಿ ಹೊತ್ತಿ ಉರಿಯುವ ಅನಿಲ ಇರುವುದುಂಟು. ಮೇಣದಬತ್ತಿ ಉರಿಯುತ್ತಿರುವಾಗ ಅದನ್ನು ಮುಟ್ಟಲೇಬೇಡಿ.

ಹಾಗಾದರೆ ಬಣ್ಣಕ್ಕೆ ಏನು ಮಾಡುವುದು?

ಅಡುಗೆಮನೆಯಲ್ಲೇ ಸಾಕಷ್ಟಿದೆ. ಬೀಟ್‌ರೂಟ್ ರಸವನ್ನು ಕುದಿಸದೆ ಕ್ರೀಮಿಗೆ ಬೆರೆಸಿದರೆ ಒಳ್ಳೆಯ ಗುಲಾಬಿ ಬಣ್ಣ ಬರುತ್ತದೆ. ಹಿಟ್ಟಿಗೆ ಹಾಕಿದರೆ ಬಿಸಿಗೆ ಮಂಕಾಗುತ್ತದೆ. ಅರಿಶಿನ ಒಂದು ಚಿಟಿಕೆ ಕ್ರೀಮಿಗೆ ಸಾಕು. ಅಡುಗೆ ಸೋಡಾ ಇರುವ ಹಿಟ್ಟಿಗೆ ಹಾಕಿದರೆ ಅದು ಕೆಂಪಗಾಗುತ್ತದೆ. ಅರಿಶಿನದ ಕಲೆಗೆ ಸೋಪು ತಾಗಿದಾಗ ಕೆಂಪಾಗುವುದೂ ಇದೇ ಕಾರಣಕ್ಕೆ. ಶಂಖಪುಷ್ಪ ನೀಲಿ ಕೊಡುತ್ತದೆ, ನಿಂಬೆರಸ ಬಿದ್ದರೆ ನೇರಳೆಯಾಗುತ್ತದೆ. ಕಂದು ಬಣ್ಣಕ್ಕೆ ಕೋಕೋ ಇದ್ದೇ ಇದೆ.

ಅಂಗಡಿಯ ಜೆಲ್ ಬಣ್ಣವೇ ಬೇಕಿದ್ದರೆ ಕಡ್ಡಿಯ ತುದಿಯಲ್ಲಿ ತೆಗೆದು ಬೆರೆಸಿ, ಅರ್ಧ ಗಂಟೆ ಬಿಡಿ. ಬಣ್ಣ ತಾನಾಗಿಯೇ ಗಾಢವಾಗುತ್ತದೆ. ಕಪ್ಪು ಬೇಕಿದ್ದರೆ ಬಿಳಿ ಕ್ರೀಮಿನ ಬದಲು ಚಾಕೊಲೇಟ್ ಕ್ರೀಮಿನಿಂದ ಶುರು ಮಾಡಿ, ಬಣ್ಣ ತುಂಬ ಕಡಿಮೆ ಸಾಕಾಗುತ್ತದೆ.

ಕ್ರೀಮ್ ಏಕೆ ನಿಲ್ಲುವುದಿಲ್ಲ?

ಹೊಸಬರ ದೊಡ್ಡ ಕಷ್ಟ ಇದು. ಕ್ರೀಮ್ ಗಟ್ಟಿಯಾಗಿ ನಿಲ್ಲುವುದು ಅದರ ಕೊಬ್ಬಿನ ಕಣಗಳು ಒಂದಕ್ಕೊಂದು ಅಂಟಿ, ಗಾಳಿಯ ಗುಳ್ಳೆಗಳನ್ನು ಹಿಡಿದಿಟ್ಟುಕೊಂಡಾಗ. ಕೊಬ್ಬು ತಣ್ಣಗಿದ್ದರೆ ಮಾತ್ರ ಇದು ಆಗುತ್ತದೆ. ಅಂಗಡಿಯ 25% ಕೊಬ್ಬಿನ ಫ್ರೆಶ್ ಕ್ರೀಮ್ ಎಷ್ಟು ಕಡೆದರೂ ಸರಿಯಾಗಿ ನಿಲ್ಲುವುದಿಲ್ಲ. ಕೊಬ್ಬು 30 ಶೇಕಡಕ್ಕಿಂತ ಕಡಿಮೆ ಇರಬಾರದು. ಇಲ್ಲವಾದರೆ ವನಸ್ಪತಿ ಕೊಬ್ಬಿನ ವಿಪ್ಪಿಂಗ್ ಕ್ರೀಮ್ ತನ್ನಿ. ಅದನ್ನು ಫ್ರೀಜರಿನಿಂದ ತೆಗೆದು ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಭಾಗದಲ್ಲಿಡಿ. ಪಾತ್ರೆಯನ್ನೂ ತಣ್ಣಗೆ ಮಾಡಿ. ಶೀಟಿನ ಮನೆಯಾದರೆ ಬೇಸಿಗೆಯಲ್ಲಿ ಬೆಳಗ್ಗೆಯೇ ಕೆಲಸ ಮುಗಿಸಿ. ಕ್ರೀಮ್ ತುದಿ ಎದ್ದು ನಿಂತ ಕೂಡಲೇ ಬೀಟರ್ ನಿಲ್ಲಿಸಿ, ಹೆಚ್ಚಾದರೆ ಒಡೆದು ತರಿತರಿಯಾಗುತ್ತದೆ.

ಕೇಕ್ ಪೂರ್ತಿ ಆರಲಿ. ಮೊದಲು ತೆಳುವಾಗಿ ಒಂದು ಪದರ ಹಚ್ಚಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಪುಡಿ ಅದರಲ್ಲೇ ಅಂಟಿಕೊಂಡು ಮೇಲಿನ ಪದರ ನುಣ್ಣಗೆ ಬರುತ್ತದೆ. ಮೆಹಂದಿ ಕೋನ್ ಹಿಡಿದು ಅಭ್ಯಾಸ ಇರುವವರಿಗೆ ಪೈಪಿಂಗ್ ಬ್ಯಾಗ್ ಕಷ್ಟವಲ್ಲ. ಮೊದಲು ತಟ್ಟೆಯ ಮೇಲೆ ಹತ್ತು ಹೂ ಹಾಕಿ ಕೈ ಪಳಗಿಸಿ, ಅದೇ ಕ್ರೀಮನ್ನು ತಿರುಗಿ ತುಂಬಿಕೊಳ್ಳಬಹುದು.

ಕೇಕ್ ಮಾಡಿ ಮಾರುವವರು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಲೇಬೇಕು, ಮನೆಯಿಂದ ಮಾರಿದರೂ ವಿನಾಯಿತಿ ಇಲ್ಲ.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ: ಕೇಕ್ ವಿಷವಲ್ಲ. ಚೀಟಿ ಇಲ್ಲದ ಬಣ್ಣ ಬೇಡ. "ಎಡಿಬಲ್" ಎಂದು ಬರೆಯದ ಮಿನುಗು ಪುಡಿ ಮಕ್ಕಳ ಬಾಯಿಗೆ ಬೇಡವೇ ಬೇಡ.