ನಿಮಗಿದು ಗೊತ್ತೇ? ಬ್ರಾಡ್‌ವೇ ಹಾಡುಗಳ ಹುಟ್ಟಿನ ಗುಟ್ಟು

ನಾಟಕದ ನಡುವೆ ಹಾಡು ಬರುವುದು ನಮಗೆ ಹೊಸದಲ್ಲ. ಕಂಪನಿ ನಾಟಕಗಳಲ್ಲಿ ‘ಒನ್ಸ್ ಮೋರ್’ ಕೂಗಿ ಹಾಡಿಸಿಕೊಂಡ ನಾಡು ನಮ್ಮದು. ನ್ಯೂಯಾರ್ಕಿನ ಬ್ರಾಡ್‌ವೇ ಮ್ಯೂಸಿಕಲ್‌ಗಳ ಹಾಡುಗಳಿಗೆ ಈಗಷ್ಟೇ ಕಿವಿಗೊಡುತ್ತಿದ್ದರೆ ಒಂದು ಮಾತು ನೆನಪಿಟ್ಟುಕೊಳ್ಳಿ: ಯಾರು, ಯಾರೆದುರು, ಯಾವ ಗಳಿಗೆಯಲ್ಲಿ ಹಾಡುತ್ತಿದ್ದಾರೆ ಎಂಬುದನ್ನು ತಿಳಿದುಕೊಂಡು ಕೇಳಿ. ಆಗ ಅದೇ ಹಾಡು ಬೇರೆಯದೇ ಆಗಿ ಕೇಳಿಸುತ್ತದೆ.

★ 1943ರ ಮಾರ್ಚ್ 31. ‘ಒಕ್ಲಹೋಮ!’ ನಾಟಕದ ಪರದೆ ಸರಿದಾಗ ಕುಣಿಯುವ ಹುಡುಗಿಯರ ಸಾಲು ಕಾಣಲಿಲ್ಲ. ಬೆಣ್ಣೆ ಕಡೆಯುತ್ತ ಕೂತ ಒಬ್ಬ ಹೆಂಗಸು, ಅಷ್ಟೇ. ವೇದಿಕೆಯ ಆಚೆಯಿಂದ, ಪಕ್ಕವಾದ್ಯವಿಲ್ಲದೆ, ಒಬ್ಬ ಕೌಬಾಯ್‌ನ ದನಿ ತೇಲಿ ಬಂತು. ಬೆಳಗಿನ ಚೆಲುವನ್ನು ಹಾಡುವ ‘ಓ, ವಾಟ್ ಎ ಬ್ಯೂಟಿಫುಲ್ ಮಾರ್ನಿನ್’ ಅದು. ಇಷ್ಟು ಮೆಲ್ಲಗೆ ಶುರುವಾದ ನಾಟಕ 2,212 ಪ್ರದರ್ಶನ ಕಂಡಿತು. ಅದರ ಶೀರ್ಷಿಕೆ ಗೀತೆ 1953ರಲ್ಲಿ ಒಕ್ಲಹೋಮ ರಾಜ್ಯದ ಅಧಿಕೃತ ನಾಡಗೀತೆಯೇ ಆಯಿತು!

★ ಮೊದಲು ಟ್ಯೂನೋ, ಮೊದಲು ಸಾಹಿತ್ಯವೋ? ನಮ್ಮ ಸಿನಿಮಾ ಮಂದಿ ಇಂದಿಗೂ ಚರ್ಚಿಸುವ ಈ ಪ್ರಶ್ನೆಗೆ ಸಂಗೀತಕಾರ ರಿಚರ್ಡ್ ರಾಜರ್ಸ್ ಎರಡೂ ಉತ್ತರ ಕೊಟ್ಟವರು. ಗೀತರಚನಕಾರ ಲೊರೆಂಜ್ ಹಾರ್ಟ್ ಜೊತೆಗಿದ್ದಾಗ ಬಹುಪಾಲು ಟ್ಯೂನ್ ಮೊದಲು. ಆಸ್ಕರ್ ಹ್ಯಾಮರ್‌ಸ್ಟೈನ್ ಜೊತೆಯಾದ ಮೇಲೆ ಸಾಹಿತ್ಯ ಮೊದಲು. ಪಾತ್ರದ ಮಾತು ಎಲ್ಲಿ ಮುಗಿದು ಹಾಡು ಎಲ್ಲಿ ಶುರುವಾಯಿತೆಂದು ಗೊತ್ತೇ ಆಗದಂಥ ಹಾಡುಗಳು ಈ ಎರಡನೆಯ ಜೋಡಿಯಿಂದ ಬಂದದ್ದಕ್ಕೆ ಇದೂ ಒಂದು ಕಾರಣ ಎಂಬುದು ನನ್ನ ಎಣಿಕೆ.

★ ಕರ್ನಾಟಕ ಸಂಗೀತ ಬಲ್ಲವರು ಇದನ್ನು ಹಾಡಿಯೇ ನೋಡಬೇಕು. ಷಡ್ಜ ಹಿಡಿಯಿರಿ, ನೇರ ಪ್ರತಿಮಧ್ಯಮಕ್ಕೆ ಹಾರಿ, ಪಂಚಮದಲ್ಲಿ ನಿಲ್ಲಿ. 1957ರ ‘ವೆಸ್ಟ್ ಸೈಡ್ ಸ್ಟೋರಿ’ಯಲ್ಲಿ ಹುಡುಗನೊಬ್ಬ ತನ್ನವಳ ಹೆಸರು ಕರೆಯುವ ‘ಮರಿಯಾ’ ಹಾಡಿನ ಮೂರು ಸ್ವರಗಳು ಇವೇ. ಪಾಶ್ಚಾತ್ಯರ ಕಿವಿಗೆ ಆ ಹಾರಿಕೆ ಕಳವಳದ್ದು; ಕಲ್ಯಾಣಿ ಕೇಳಿ ಬೆಳೆದ ನಮಗೆ ಅದೇ ಮಧ್ಯಮ ಮನೆಯದು. ಸಂಗೀತಕಾರ ಲೆನರ್ಡ್ ಬರ್ನ್‌ಸ್ಟೈನ್ ಇದೇ ಮೂರು ಸ್ವರಗಳನ್ನು ‘ಕೂಲ್’ ಹಾಡಿನಲ್ಲೂ ಇಟ್ಟಿದ್ದಾರೆ. ಅಲ್ಲಿ ಪ್ರೀತಿಯ ಜಾಗದಲ್ಲಿ ಬೀದಿ ಗುಂಪಿನ ಸಿಟ್ಟು ಕುದಿಯುತ್ತಿರುತ್ತದೆ.

★ ಅದೇ ನಾಟಕದ ‘ಅಮೆರಿಕ’ ಹಾಡಿಗೆ ತಾಳ ಹಾಕಲು ಹೋಗಿ ತಪ್ಪಿದ್ದೀರಾ? ಹೀಗೆ ಎಣಿಸಿ: ಮೂರು, ಮೂರು, ಎರಡು, ಎರಡು, ಎರಡು. ಒಟ್ಟು ಹನ್ನೆರಡು.

★ ನಟಿಯ ಉಸಿರು ಚಿಕ್ಕದಾಗಿದ್ದರಿಂದಲೇ ಒಂದು ಹಾಡು ದೊಡ್ಡದಾಯಿತು. 1973ರ ‘ಎ ಲಿಟಲ್ ನೈಟ್ ಮ್ಯೂಸಿಕ್’ ನಾಟಕದ ಗ್ಲಿನಿಸ್ ಜಾನ್ಸ್ ಅವರದು ಇಂಪಾದ ದನಿ, ಆದರೆ ಸ್ವರವನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಲು ಆಗುತ್ತಿರಲಿಲ್ಲ. ಸಂಗೀತಕಾರ ಸ್ಟೀಫನ್ ಸೋಂಡ್‌ಹೈಮ್ ಆ ನಟಿಗೆಂದೇ ತುಂಡು ತುಂಡು ಸಾಲುಗಳಲ್ಲಿ, ಪ್ರಶ್ನೆ ಕೇಳುತ್ತ ನಿಂತುಹೋಗುವಂತೆ ‘ಸೆಂಡ್ ಇನ್ ದ ಕ್ಲೌನ್ಸ್’ ಬರೆದರು. ಹಳೆಯ ಪ್ರೇಮಿಯನ್ನು ಕೈಯಾರೆ ಕಳೆದುಕೊಂಡ ನಡುವಯಸ್ಸಿನ ನಟಿಯ ಹಾಡಿದು. ಉಸಿರು ಕಟ್ಟಿದ ದುಃಖ ಹಾಗೆಯೇ ತಾನೇ ಮಾತಾಡುವುದು? ಹಾಡಿನ ಕ್ಲೌನ್‌ಗಳು ಸರ್ಕಸ್ಸಿನವರಲ್ಲ. ಆಟ ಕೆಟ್ಟಾಗ ಹಾಸ್ಯಗಾರರನ್ನು ಒಳಗೆ ಕಳಿಸಿ ಎನ್ನುವ ರಂಗದ ಮಾತು ಅದು.

★ ಇದೇ ಸೋಂಡ್‌ಹೈಮ್ 1962ರ ಒಂದು ಹಾಸ್ಯ ನಾಟಕಕ್ಕೆ ನವಿರಾದ ಪ್ರೇಮಗೀತೆಯನ್ನು ಮೊದಲ ಹಾಡಾಗಿ ಇಟ್ಟಿದ್ದರು. ವಾಷಿಂಗ್ಟನ್ನಿನ ಪ್ರಾಯೋಗಿಕ ಪ್ರದರ್ಶನದಲ್ಲಿ ಜನ ನಗಲೇ ಇಲ್ಲ. ನೆರವಿಗೆಂದು ಕರೆಸಿಕೊಂಡ ಜೆರೋಮ್ ರಾಬಿನ್ಸ್ ಮೊದಲ ಹಾಡು ಬದಲಿಸಲು ಹೇಳಿದರು. ಇಂದು ನಿಮ್ಮೆದುರು ಹಾಸ್ಯ ನಡೆಯುತ್ತದೆ ಎಂದು ಸಾರುವ ‘ಕಾಮಿಡಿ ಟುನೈಟ್’ ಬಂತು, ನಾಟಕ ಗೆದ್ದಿತು.

★ ಲಿವರ್‌ಪೂಲ್ ಫುಟ್‌ಬಾಲ್ ಮೈದಾನದಲ್ಲಿ ಸಾವಿರಾರು ಕಂಠಗಳು ಹಾಡುವ ‘ಯೂ ವಿಲ್ ನೆವರ್ ವಾಕ್ ಅಲೋನ್’ ಮೂಲದಲ್ಲಿ ಸಾವಿನ ಮನೆಯ ಹಾಡು. 1945ರ ‘ಕರೂಸೆಲ್’ ನಾಟಕದಲ್ಲಿ, ಗಂಡನ ಶವದೆದುರು ಕುಸಿದ ಜೂಲಿಗೆ ಬಂಧು ನೆಟ್ಟಿ ಧೈರ್ಯ ಹೇಳುವುದು ಈ ಹಾಡಿನಿಂದ.

★ ಸಿನಿಮಾದ ‘ಮೈ ಫೇರ್ ಲೇಡಿ’ಯಲ್ಲಿ ಆಡ್ರಿ ಹೆಪ್‌ಬರ್ನ್, ‘ವೆಸ್ಟ್ ಸೈಡ್ ಸ್ಟೋರಿ’ಯಲ್ಲಿ ನಟಾಲಿ ವುಡ್, ‘ದ ಕಿಂಗ್ ಅಂಡ್ ಐ’ಯಲ್ಲಿ ಡೆಬರಾ ಕೆರ್. ಮೂವರ ಹಾಡಿನ ಹಿಂದಿದ್ದದ್ದು ಬಹುಪಾಲು ಒಂದೇ ಕಂಠ, ಮಾರ್ನಿ ನಿಕ್ಸನ್ ಅವರದು. ಹಿನ್ನೆಲೆ ಗಾಯಕರನ್ನು ತಲೆಯ ಮೇಲೆ ಹೊತ್ತು ಮೆರೆಸುವ ನಮಗೆ, ಆ ಚಿತ್ರಗಳ ಹೆಸರುಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲವೆಂದು ತಿಳಿದಾಗ ಹೊಟ್ಟೆ ಉರಿಯುತ್ತದೆ. ಅವರ ಮುಖ ನೋಡಬೇಕೆ? ‘ದ ಸೌಂಡ್ ಆಫ್ ಮ್ಯೂಸಿಕ್’ ಚಿತ್ರದ ಸನ್ಯಾಸಿನಿಯರಲ್ಲಿ ಸಿಸ್ಟರ್ ಸೋಫಿಯಾ ಅವರೇ.

★ ‘ಫಿಡ್ಲರ್ ಆನ್ ದ ರೂಫ್’ 1964ರಲ್ಲಿ ತಯಾರಾಗುತ್ತಿದ್ದಾಗ ರಾಬಿನ್ಸ್ ಪದೇ ಪದೇ ಕೇಳುತ್ತಿದ್ದದ್ದು ಒಂದೇ: ಈ ನಾಟಕ ಯಾವುದರ ಬಗ್ಗೆ? ಕೊನೆಗೆ ಸಿಕ್ಕ ಉತ್ತರವೇ ‘ಟ್ರೆಡಿಷನ್’ ಎಂಬ ಮೊದಲ ಹಾಡು. ಹಳ್ಳಿಯ ಯಹೂದಿ ತಂದೆ, ಮದುವೆಗೆ ಬಂದ ಹೆಣ್ಣುಮಕ್ಕಳು, ಕೈಜಾರುವ ಸಂಪ್ರದಾಯ. ಇದನ್ನೇ ಜಯಂತ ಕಾಯ್ಕಿಣಿ ಅವರು ‘ಜತೆಗಿರುವನು ಚಂದಿರ’ ಎಂದು ಮುಸ್ಲಿಂ ಕುಟುಂಬವೊಂದರ ಕಥೆಯಾಗಿ ಕನ್ನಡಕ್ಕೆ ತಂದಿದ್ದಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಚೆನ್ನ.

★ ‘ಹನ್ನೊಂದು ಗಂಟೆಯ ಹಾಡು’ ಎಂಬ ಮಾತು ಬ್ರಾಡ್‌ವೇಯಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಹಿಂದೆ ಆಟ ರಾತ್ರಿ ಎಂಟೂವರೆಗೆ ಶುರು. ಹನ್ನೊಂದರ ಸುಮಾರಿಗೆ, ಮುಗಿಯುವ ಹೊತ್ತಿಗೆ, ಪ್ರೇಕ್ಷಕರನ್ನು ಎಬ್ಬಿಸಿ ಕೂರಿಸಲು ಒಂದು ಜಬರ್ದಸ್ತ್ ಹಾಡು ಬೇಕಿತ್ತು.

★ ‘ಎಡೆಲ್‌ವೈಸ್’ ಆಸ್ಟ್ರಿಯಾದ ಜನಪದ ಗೀತೆಯೆಂದು ನಂಬಿದವರು ಬಹಳ. ಅಲ್ಲ, ಅದು 1959ರ ‘ದ ಸೌಂಡ್ ಆಫ್ ಮ್ಯೂಸಿಕ್’ ನಾಟಕಕ್ಕಾಗಿ ಅಮೆರಿಕದಲ್ಲಿ ಹುಟ್ಟಿದ ಹಾಡು. ನಾಜಿಗಳ ಕೈಸೇರಿದ ತಾಯ್ನಾಡನ್ನು ಬಿಟ್ಟು ಹೊರಡಬೇಕಾದವನು ಪುಟ್ಟದೊಂದು ಬಿಳಿ ಹೂವಿನ ಹೆಸರು ಹಿಡಿದು ವಿದಾಯ ಹೇಳುತ್ತಾನೆ. ಹ್ಯಾಮರ್‌ಸ್ಟೈನ್ ಬರೆದ ಕೊನೆಯ ಹಾಡೂ ಅದೇ. ಹೊಟ್ಟೆಯ ಕ್ಯಾನ್ಸರ್ ಆಗಲೇ ಅವರನ್ನು ತಿನ್ನುತ್ತಿತ್ತು. 1960ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡಾಗ, ಝಗಮಗಿಸುವ ಟೈಮ್ಸ್ ಸ್ಕ್ವೇರ್‌ನ ದೀಪಗಳನ್ನು ಒಂದು ನಿಮಿಷ ಆರಿಸಲಾಯಿತು.