ತೋಳಿನ ಮೇಲಿನ ಬ್ಯಾಡ್ಜಿಗೆ ತಕ್ಕ ಕೈ

ತೊಗರಿ ಕಟಾವಿನ ದಿನಗಳಲ್ಲಿ ಸೇಡಂ, ಚಿಂಚೋಳಿ, ಚಿತ್ತಾಪುರದ ಹೊಲಗಳಿಗೆ ಹಾವಿನ ಭಯ ಹೊಸದಲ್ಲ. ಹಾವು ಕಡಿದ ಜಾಗವನ್ನು ಕೊಯ್ಯಬಾರದು, ರಕ್ತ ಹೀರಬಾರದು, ಹಗ್ಗದಿಂದ ಬಿಗಿಯಬಾರದು. ಕಡಿತಕ್ಕೊಳಗಾದವರನ್ನು ನಡೆಸದೆ, ಕೈಕಾಲು ಅಲುಗದಂತೆ ದಬ್ಬೆ ಕಟ್ಟಿ, ಪ್ರತಿವಿಷ ದೊರೆಯುವ ಆಸ್ಪತ್ರೆಗೆ ತಡಮಾಡದೆ ಸಾಗಿಸಬೇಕು. ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ರಾಜ್ಯ ಸರ್ಕಾರ 2024ರಲ್ಲಿ ಆದೇಶಿಸಿತು. ಆದರೆ ವರದಿ ಆಸ್ಪತ್ರೆಯಲ್ಲಿ ಆರಂಭವಾಗುತ್ತದೆ. ಜೀವದ ಅಳಿವು ಉಳಿವು ಎಷ್ಟೋ ಸಲ ಹೊಲದ ಬದುವಿನಲ್ಲೇ ನಿರ್ಧಾರವಾಗಿರುತ್ತದೆ. ಆ ಬದುವಿನಲ್ಲಿ, ಪ್ರಥಮ ಚಿಕಿತ್ಸೆಯ ಬ್ಯಾಡ್ಜ್ ಪಡೆದ ಹದಿನಾಲ್ಕರ ಗೈಡ್ ಒಬ್ಬಳು ಇದ್ದಾಳೆ ಎಂದುಕೊಳ್ಳೋಣ. ಅವಳು ಆ ಬ್ಯಾಡ್ಜನ್ನು ಗಳಿಸಿದ್ದಾಳೋ, ಬರಿದೆ ಪಡೆದಿದ್ದಾಳೋ ಎಂಬುದು ಆಗ ಸಣ್ಣ ಪ್ರಶ್ನೆಯಾಗಿ ಉಳಿಯುವುದಿಲ್ಲ.

1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ನಡೆಸಿದ ಶಿಬಿರದಿಂದ ಬೆಳೆದ ಈ ಚಳವಳಿ ಎರಡೇ ವರ್ಷಗಳಲ್ಲಿ ನಮ್ಮ ಬೆಂಗಳೂರಿಗೆ ಬಂತು. ಭಾರತದ ಮೊದಲ ಸ್ಕೌಟ್ ದಳವನ್ನು 1909ರಲ್ಲಿ ಕ್ಯಾಪ್ಟನ್ ಟಿ.ಎಚ್. ಬೇಕರ್ ಅಲ್ಲಿ ಸ್ಥಾಪಿಸಿದರು. ಆರಂಭದಲ್ಲಿ ಭಾರತೀಯ ಮಕ್ಕಳಿಗೆ ಅದರ ಬಾಗಿಲು ಮುಚ್ಚಿತ್ತು. ಸ್ವಾತಂತ್ರ್ಯಾನಂತರ 1950ರ ನವೆಂಬರ್ 7ರಂದು ಬೇರೆ ಬೇರೆ ಸಂಘಗಳು ಒಂದಾಗಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ರೂಪುಗೊಂಡಿತು. ಪ್ರವೇಶದಿಂದ ಮೊದಲಾಗಿ ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳನ್ನು ಏರಿ, ರಾಜ್ಯ ಪುರಸ್ಕಾರವನ್ನು ದಾಟಿ ರಾಷ್ಟ್ರಪತಿ ಪುರಸ್ಕಾರದವರೆಗೆ ಅದರ ಮೆಟ್ಟಿಲುಗಳಿವೆ. ನಡುವೆ ಅಡುಗೆ, ತೋಟಗಾರಿಕೆ, ಹೊಲಿಗೆ, ಸೈಕಲ್, ಈಜು, ಪ್ರಥಮ ಚಿಕಿತ್ಸೆ ಮುಂತಾದ ಪ್ರಾವೀಣ್ಯದ ಬ್ಯಾಡ್ಜ್‌ಗಳು.

ಶಾಲೆಯ ಅಂಕಪಟ್ಟಿಗೂ ಇವಕ್ಕೂ ಮೂಲಭೂತ ವ್ಯತ್ಯಾಸವಿದೆ. ಇಲ್ಲಿ ಮಗು ಮತ್ತೊಂದು ಮಗುವಿನೊಡನೆ ಸ್ಪರ್ಧಿಸುವುದಿಲ್ಲ. ಕಲಿಕೆಗೆ ಹಾಕಿದ ಶ್ರಮವೇ ಬ್ಯಾಡ್ಜಿನ ಅಳತೆಗೋಲಾಗಬೇಕು ಎಂಬುದು ಬೇಡನ್ ಪೊವೆಲ್ ಅವರ ನಿಲುವಾಗಿತ್ತು. ಕಲ್ಲುಗಣಿಯ ಕೂಲಿಕಾರನ ಮಗುವಿಗೂ ಅಧಿಕಾರಿಯ ಮಗುವಿಗೂ ಒಂದೇ ನ್ಯಾಯ ಸಿಗುವುದು ಹೀಗೆ. ಆದರೆ ಶ್ರಮವನ್ನು ಅಳೆಯಬೇಕಾದರೆ ಮಗು ಕೆಲಸ ಮಾಡುವುದನ್ನು ಯಾರಾದರೂ ಕಣ್ಣಾರೆ ನೋಡಿರಬೇಕು. ಆ ಕೆಲಸ ಬಲ್ಲವರೇ ನೋಡಿರಬೇಕು.

ಸಮಸ್ಯೆ ಇರುವುದು ಇಲ್ಲಿಯೇ. ವೃತ್ತಿಶಿಕ್ಷಣದ ಪ್ರವೇಶದಲ್ಲಿ ಸ್ಕೌಟ್ ಮತ್ತು ಗೈಡ್‌ಗಳಿಗೆ ವಿಶೇಷ ಪ್ರವರ್ಗವಿದೆ. ರೈಲ್ವೆ ಇಲಾಖೆ ಅವರಿಗಾಗಿಯೇ ಕೋಟಾದಡಿ ನೇಮಕಾತಿ ನಡೆಸುತ್ತ ಬಂದಿದೆ. ವಾಡಿ ಜಂಕ್ಷನ್ನಿನ ಮಗ್ಗುಲಲ್ಲಿ ಬೆಳೆಯುವ ಮಕ್ಕಳಿಗೆ ಈ ಅವಕಾಶ ಸಣ್ಣದಲ್ಲ, ಅದನ್ನು ಬಯಸುವುದು ತಪ್ಪೂ ಅಲ್ಲ. ಆದರೆ ಪ್ರಮಾಣಪತ್ರಕ್ಕೆ ಬೆಲೆ ಬಂದಲ್ಲೆಲ್ಲ ಅದನ್ನು ಸುಲಭವಾಗಿ ಪಡೆಯುವ ಆಮಿಷವೂ ಹುಟ್ಟುತ್ತದೆ. ಅಂದವಾಗಿ ಬರೆದ ದಿನಚರಿ, ಶಿಬಿರದ ಭಾವಚಿತ್ರ, ಒಂದೇ ಕೂರಿನಲ್ಲಿ ಬಿದ್ದ ಹತ್ತು ಸಹಿಗಳು ಪರೀಕ್ಷೆಯ ಜಾಗವನ್ನು ಆಕ್ರಮಿಸಿಬಿಡಬಹುದು. ಹುಸಿ ಅಂಕಪಟ್ಟಿಯಿಂದ ಪ್ರಾಯಶಃ ಒಂದು ಸೀಟು ಅನರ್ಹರ ಪಾಲಾದೀತು. ಹುಸಿ ಪ್ರಥಮ ಚಿಕಿತ್ಸಕಿಯಿಂದ ಜೀವವೇ ಹೋದೀತು.

ಪರೀಕ್ಷಕರನ್ನು ಎಲ್ಲಿಂದ ತರುವುದು ಎಂದು ಕೇಳಬಹುದು. ದೂರ ಹೋಗಬೇಕಿಲ್ಲ. ದಬ್ಬೆ ಕಟ್ಟುವುದನ್ನು ಪರೀಕ್ಷಿಸಲು ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿಯರಿದ್ದಾರೆ. ಎತ್ತನ್ನು ಗೂಟಕ್ಕೆ ಕಟ್ಟುವ ಗಂಟೂ ಸ್ಕೌಟಿನ ಪಾಠವೇ; ಅದನ್ನು ನಮ್ಮ ರೈತರಿಗಿಂತ ಚೆನ್ನಾಗಿ ಯಾರು ಬಲ್ಲರು? ಶಹಾಬಾದಿನ ಹಾಸುಗಲ್ಲನ್ನು ಎಳೆ ನೋಡಿ ಸೀಳುವ ಕಲ್ಲುಕುಟಿಗರು, ಕಾಗಿಣಾ ಹೊಳೆಯ ಸೆಳವು ಸುಳಿಗಳನ್ನು ಬಲ್ಲ ಈಜುಗಾರರು, ವಾಡಿಯ ರೈಲ್ವೆ ಕುಶಲಕರ್ಮಿಗಳು ಎಲ್ಲರೂ ಒಂದೊಂದು ವಿದ್ಯೆಯ ಪಂಡಿತರೇ. 2020ರ ಅಕ್ಟೋಬರಿನಲ್ಲಿ ಕಾಗಿಣಾ ಉಕ್ಕಿ ಹರಿದಾಗ ಮಳಖೇಡ, ಸೇಡಂ ಭಾಗದ ಜನರಿಗೆ ನೆರವಿನ ಕೈಗಳ ಬೆಲೆ ತಿಳಿದಿದೆ. ಇಂಥವರನ್ನು ಮಕ್ಕಳ ಎದುರು ಪರೀಕ್ಷಕರಾಗಿ ಕೂರಿಸಿದರೆ ಬ್ಯಾಡ್ಜಿಗೂ ಮರ್ಯಾದೆ, ಆ ಕಸುಬಿಗೂ ಮರ್ಯಾದೆ. ಅಪ್ಪನ ಕೆಲಸವನ್ನು ಹೇಳಿಕೊಳ್ಳಲು ನಾಚುತ್ತಿದ್ದ ಮಗು, ಅದೇ ಅಪ್ಪ ಇತರ ಮಕ್ಕಳನ್ನು ಪರೀಕ್ಷಿಸುವುದನ್ನು ಕಂಡರೆ ಕಲಿಯುವ ಪಾಠ ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ಪಾಠ, ಗಣತಿ, ಬಿಸಿಯೂಟದ ಲೆಕ್ಕಗಳ ನಡುವೆ ಶಿಕ್ಷಕರಿಗೆ ಇನ್ನೊಂದು ಹೊರೆಯೇ ಎಂಬ ಆಕ್ಷೇಪ ನ್ಯಾಯವಾದುದು. ದಳ ನಡೆಸುವ ಶಿಕ್ಷಕರಿಗೆ ವಾರದಲ್ಲಿ ಅದಕ್ಕೆಂದೇ ಅವಧಿ ಕೊಡಬೇಕು. ಸಮವಸ್ತ್ರ, ಶಿಬಿರಗಳ ಖರ್ಚು ಬಡ ಮಕ್ಕಳನ್ನು ಹೊರಗಿಡದಂತೆ ಶಾಲಾಭಿವೃದ್ಧಿ ಸಮಿತಿಗಳೂ ಸ್ಥಳೀಯ ಕಾರ್ಖಾನೆಗಳೂ ಮುಂದೆ ಬರಬೇಕು. ಎಷ್ಟು ಬ್ಯಾಡ್ಜ್ ಹಂಚಿದೆವು ಎಂಬ ಅಂಕಿಯನ್ನಲ್ಲ, ಎಷ್ಟು ಮಕ್ಕಳನ್ನು 'ಇನ್ನೊಮ್ಮೆ ಕಲಿತು ಬಾ' ಎಂದು ಮರಳಿ ಕಳಿಸಿದೆವು ಎಂಬುದನ್ನೂ ಶಾಲೆಗಳು ಹೆಮ್ಮೆಯಿಂದ ಹೇಳುವಂತಾಗಬೇಕು. ಮರಳಿ ಹೋದ ಮಗು ಸೋತಿಲ್ಲ. ಅದರ ಕಲಿಕೆ ಇನ್ನೂ ಮುಗಿದಿಲ್ಲ, ಅಷ್ಟೆ.

ಬದುವಿನ ಮೇಲೆ ನಿಂತ ಆ ಹುಡುಗಿಯ ತೋಳನ್ನು ಕೂಲಿಯವರು ನೋಡುವುದಿಲ್ಲ, ಕೈಯನ್ನು ನೋಡುತ್ತಾರೆ. ಆ ಕೈ ನಡುಗದೆ ದಬ್ಬೆ ಕಟ್ಟಬೇಕಾದರೆ, ಎಂದೋ ಒಂದು ಮಧ್ಯಾಹ್ನ ಯಾರೋ ಒಬ್ಬ ದಾದಿ ಅವಳ ಎದುರು ಕುಳಿತು 'ಸಡಿಲವಾಯಿತು, ಬಿಚ್ಚಿ ಮತ್ತೆ ಕಟ್ಟವ್ವಾ' ಎಂದು ಹೇಳಿರಬೇಕು.