ತಂಗಳಿನ ವಿವೇಕ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಮನೆಗಳಲ್ಲಿ ಅನ್ನ ಚೆಲ್ಲುವುದು ಪಾಪವೆಂಬ ಭಾವನೆ ಇಂದಿಗೂ ಬಲವಾಗಿದೆ. ಬರಗಾಲಗಳನ್ನು ಕಂಡ ಸೀಮೆಗೆ ಅದು ಸಹಜವೇ. ರಾತ್ರಿ ಉಳಿದುದನ್ನು ಬೆಳಗಿನ ನ್ಯಾರಿಗೆ ಒದಗಿಸುವ ಗೃಹಿಣಿಯ ಮಿತವ್ಯಯ ಗೌರವಕ್ಕೆ ಅರ್ಹವಾದುದು. ಆದರೆ ಮಿತವ್ಯಯವು ವಿವೇಕದ ಕೈಬಿಟ್ಟರೆ, ಉಳಿಸಿದ ತುತ್ತಿಗಿಂತ ಹೆಚ್ಚಿನ ಬೆಲೆಯನ್ನು ಆರೋಗ್ಯದಿಂದ ತೆರಬೇಕಾಗುತ್ತದೆ.

‘ತಂಗಳು’ ಎಂದರೆ ತಣ್ಣನೆಯ ಕೂಳು. ನಿನ್ನೆಯ ರೊಟ್ಟಿಯನ್ನೂ ನಿನ್ನೆಯ ಅನ್ನವನ್ನೂ ನಾವು ಈ ಒಂದೇ ಮಾತಿನಿಂದ ಕರೆಯುತ್ತೇವೆ. ನಿಸರ್ಗಕ್ಕೆ ಮಾತ್ರ ಅವೆರಡೂ ಒಂದಲ್ಲ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡದು. ಅನ್ನ ಬೇಸಗೆಯ ಒಂದು ರಾತ್ರಿಯನ್ನೂ ತಾಳದು. ಈ ಭೇದಕ್ಕೆ ಕಾರಣ ನೀರು. ಸೂಕ್ಷ್ಮಜೀವಿಗಳೂ ನೀರಿಲ್ಲದೆ ಬೆಳೆಯಲಾರವು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸೆ ಹಿಂಡಿ, ಹಪ್ಪಳ, ಸಂಡಿಗೆಗಳಲ್ಲಿ ಅವುಗಳಿಗೆ ಸಾಲುವಷ್ಟು ನೀರಿಲ್ಲ. ಉಪ್ಪಿನಕಾಯಿಯಲ್ಲಿ ನೀರನ್ನು ಉಪ್ಪು ಕಟ್ಟಿಹಾಕಿರುತ್ತದೆ; ಮೊಸರಿಗೆ ಹುಳಿಯೇ ಕಾವಲು. ಅನ್ನ, ಬೇಳೆ, ಪಲ್ಯಗಳಿಗೆ ಇಂಥ ರಕ್ಷಣೆ ಯಾವುದೂ ಇಲ್ಲ.

ಅಕ್ಕಿಯಲ್ಲಿ ‘ಬ್ಯಾಸಿಲಸ್ ಸೀರಿಯಸ್’ ಎಂಬ ಸೂಕ್ಷ್ಮಾಣುವಿನ ಬೀಜಕಣಗಳು ಇರುವುದುಂಟು. ಅವು ಅನ್ನ ಕುದಿದರೂ ಸಾಯುವುದಿಲ್ಲ. ಬೆಂದ ಅನ್ನ ಗಂಟೆಗಟ್ಟಲೆ ಬೆಚ್ಚಗಿದ್ದರೆ ಚಿಗುರಿ, ಬೆಳೆದು, ವಿಷವನ್ನುಂಟುಮಾಡುತ್ತವೆ. ವಾಂತಿ ತರುವ ಆ ವಿಷವನ್ನು ಮರುದಿನದ ಒಗ್ಗರಣೆಯ ಬೆಂಕಿಯೂ ಅಳಿಸಲಾರದು. ಆದುದರಿಂದ ‘ಮೂಸಿ ನೋಡಿದೆ, ವಾಸನೆಯಿಲ್ಲ’ ಎಂಬ ಮಾತು ಪ್ರಮಾಣವಾಗದು.

ವಿಶ್ವ ಆರೋಗ್ಯ ಸಂಸ್ಥೆಯು 2001ರಲ್ಲಿ ಮನೆಮನೆಗೂ ಸಲ್ಲುವ ಐದು ಸೂತ್ರಗಳನ್ನು ಪ್ರಕಟಿಸಿತು: ಶುಚಿಯಾಗಿರುವುದು, ಹಸಿಯ ಪದಾರ್ಥವನ್ನೂ ಬೆಂದುದನ್ನೂ ಬೇರೆ ಬೇರೆ ಇಡುವುದು, ಪೂರ್ತಿಯಾಗಿ ಬೇಯಿಸುವುದು, ತಕ್ಕ ಉಷ್ಣತೆಯಲ್ಲಿ ಇರಿಸುವುದು, ಶುದ್ಧವಾದ ನೀರು ಮತ್ತು ಸಾಮಗ್ರಿಗಳನ್ನು ಬಳಸುವುದು. ಇವುಗಳಲ್ಲಿ ನಮ್ಮವರು ಹೆಚ್ಚಾಗಿ ಮರೆಯುವುದು ನಾಲ್ಕನೆಯದನ್ನು. 5ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆ ಸೂಕ್ಷ್ಮಜೀವಿಗಳಿಗೆ ಸುಗ್ಗಿಯ ಕಾಲ. ಬೆಂದ ಅಡುಗೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿರಬಾರದು. ಅನ್ನ ಉಳಿಯಿತೆಂದರೆ ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಬೇಗನೆ ಆರಿಸಿ, ಮುಚ್ಚಿ ಫ್ರಿಜ್‌ನಲ್ಲಿಡಬೇಕು. ಆಳವಾದ ಪಾತ್ರೆಯ ನಡುವಿನ ಅನ್ನ ಬಹಳ ಹೊತ್ತು ಬೆಚ್ಚಗೇ ಉಳಿಯುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ ಅನ್ನವನ್ನು ಉಳಿಯದಂತೆ ಮಾಡುವುದೇ ಲೇಸು.

ಬೆಂದ ಅಡುಗೆಯ ಮಾತಾಯಿತು. ಕಾಳುಕಡಿಗಳಿಗೆ ತೇವ ತಗಲಿದಾಗಿನ ಕೇಡು ಇನ್ನೂ ಗುಪ್ತವಾದುದು. ಶೇಂಗಾ, ಗೋವಿನಜೋಳಗಳ ಮೇಲೆ ಬೆಳೆಯುವ ಒಂದು ಬಗೆಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಹುಟ್ಟಿಸುತ್ತದೆ. ಅದು ಯಕೃತ್ತಿಗೆ ಮಾರಕ. ರಾಜಸ್ಥಾನ, ಗುಜರಾತಗಳ ಗಡಿಯ ಹಳ್ಳಿಗಳಲ್ಲಿ 1974ರಲ್ಲಿ ಬೂಷ್ಟು ಹಿಡಿದ ಗೋವಿನಜೋಳವನ್ನು ಉಂಡು ನೂರಕ್ಕೂ ಹೆಚ್ಚು ಜನ ಅಸುನೀಗಿದರು. ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ 1995ರಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಜೋಳವೇ ಹೊಟ್ಟೆನೋವು, ಭೇದಿಗಳಿಗೆ ಕಾರಣವಾಯಿತು. ಆ ಜೋಳವನ್ನು ಉಂಡವರು ಬಡವರು; ಚೆಲ್ಲಲು ಮನಸ್ಸಾಗದೆ ಉಂಡರು.

ಇದು ನಮಗೆ ದೂರದ ಸಂಗತಿಯಲ್ಲ. 2005, 2019, 2021ರಲ್ಲಿ ಕೃಷ್ಣೆಯೂ ಅದರ ಉಪನದಿಗಳೂ ಉಕ್ಕಿದಾಗ ಈ ಸೀಮೆಯ ಎಷ್ಟೋ ಮನೆಗಳೊಳಗೆ ನೀರು ನುಗ್ಗಿತು. ಹೊಳೆಯ ನೀರಿನಲ್ಲಿ ನೆನೆದ ಹಿಟ್ಟು, ಬೇಳೆ, ಕಾಳುಗಳನ್ನು ಬಿಸಿಲಿಗೆ ಹಾಕಿದ ಮಾತ್ರಕ್ಕೆ ಅವು ಶುದ್ಧವಾಗವು. ಬೂಷ್ಟನ್ನು ಒರೆಸಿದರೂ ವಿಷ ಒಳಗೇ ಉಳಿಯುತ್ತದೆ. ಹುರಿದರೂ ಪೂರ್ತಿಯಾಗಿ ಹೋಗದು. ಒಳ್ಳೆಯ ಕಾಳನ್ನು ಹಲ್ಲಿನಲ್ಲಿ ಕಡಿದರೆ ‘ಕಟ್’ ಎನ್ನುವವರೆಗೆ ಒಣಗಿಸಿ, ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲಿಡುವುದು ಹಿರಿಯರ ಪದ್ಧತಿ. ಅದನ್ನು ಇಂದಿನ ವಿಜ್ಞಾನವೂ ಒಪ್ಪುತ್ತದೆ.

‘ನಮಗೆ ಬೇಡವಾದರೆ ಎಮ್ಮೆಗಾದರೂ ಹಾಕೋಣ’ ಎಂಬ ಕೊನೆಯ ಉಪಾಯವೊಂದುಂಟು. ಅದೂ ಸಲ್ಲದು. ಬೂಷ್ಟು ಹಿಡಿದ ಶೇಂಗಾ ಹಿಂಡಿಯನ್ನು ತಿಂದ ಎಮ್ಮೆಯ ಹಾಲಿನಲ್ಲಿ ಆ ವಿಷದ ಅಂಶ ಇಳಿದು, ಮಗುವಿನ ಬಟ್ಟಲಿಗೆ ಮರಳಿ ಬರುತ್ತದೆ. ಅನ್ನದ ಮೇಲಿನ ಗೌರವವನ್ನು ಅಡುಗೆ ಉಳಿದ ಬಳಿಕವಲ್ಲ, ಅಕ್ಕಿಯನ್ನು ಅಳೆಯುವಾಗಲೇ ತೋರಬೇಕು. ಉಣ್ಣುವವರ ಲೆಕ್ಕವಿಟ್ಟು ಒಲೆ ಹೊತ್ತಿಸುವ ಮನೆಯಲ್ಲಿ ಚೆಲ್ಲುವ ಪಾಪವೂ ಇಲ್ಲ, ಕೆಟ್ಟುದನ್ನು ಉಣ್ಣುವ ಸಂಕಟವೂ ಇಲ್ಲ.